ಅರ್ಧ ಉಸಿರು ಮುಂಚೆ

ದಂಡೆಯ ಮೇಲೆ ನಾವು ಪಟ ಹಾರಿಸುವಾಗ ನಿಂತು ನೋಡುವ ಪ್ರವಾಸಿಗಳು ಕೇಳುವುದು ಒಂದೇ ಪ್ರಶ್ನೆ: "ವಾರಕ್ಕೆ ಎಷ್ಟು ಸಲ ಪ್ರಾಕ್ಟೀಸ್ ಮಾಡ್ತೀರಿ?" ಐಸ್‌ಕ್ರೀಮ್ ನೆಕ್ಕುತ್ತಾ ಕೇಳುತ್ತಾರೆ, ಉತ್ತರಕ್ಕೆ ಕಾಯುವುದೂ ಇಲ್ಲ. ನಾನು ದ್ವೀಪದ ಬಸ್ ಓಡಿಸುವವಳು, ವೇಳಾಪಟ್ಟಿಯ ಪ್ರಕಾರ ಉಸಿರಾಡುವವಳು. ಬುಧವಾರ ಸಂಜೆ, ಭಾನುವಾರ ಮಧ್ಯಾಹ್ನ ಎಂದು ಹೇಳಿ ಮುಗಿಸುತ್ತೇನೆ. ಚೇರ್ಡ್ ಮೀನಂಗಡಿಯವನು. "ಹೆಂಡ್ತಿ ಬಿಟ್ಟಾಗ" ಎನ್ನುತ್ತಾನೆ. ಅವನ ಹೆಂಡತಿ ಪಕ್ಕದಲ್ಲೇ ನಿಂತಿದ್ದರೆ ಕೇಳಿದವರು ಇನ್ನೂ ಜೋರಾಗಿ ನಗುತ್ತಾರೆ. ವೀತ್ಸ್ಕೆ ಮಾತ್ರ ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಿದವರ ತಲೆಯ ಮೇಲಿಂದ ಅವಳ ಕಣ್ಣು ಬಂದರಿನ ಬಾವುಟದ ಕಡೆಗೆ ಹೋಗಿರುತ್ತದೆ. ಗಾಳಿ ಎಷ್ಟಿದೆ, ಯಾವ ಕಡೆಯಿಂದ ಇದೆ, ಇನ್ನೆಷ್ಟು ಹೊತ್ತು ಇದ್ದೀತು ಎಂಬುದರ ಹೊರತು ಬೇರೆ ವಿಷಯ ಆ ಹೊತ್ತಿನಲ್ಲಿ ಅವಳ ತಲೆಗೆ ಹೋಗುವುದಿಲ್ಲ.

ವೀತ್ಸ್ಕೆ ಇಲ್ಲಿಯವಳೇ. ಹೋಟೆಲುಗಳ ಹಾಸು ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಹಿತ್ತಲಲ್ಲಿ ಒಣಗಲು ಹಾಕಿದ ಬಿಳಿ ಹಾಸುಗಳು ಹೇಗೆ ಉಬ್ಬುತ್ತವೆ ಎಂದು ನೋಡಿಯೇ ಅವಳು ಗಾಳಿಯ ಜೋರು ಹೇಳಬಲ್ಲಳು. ಹೇಳಬೇಡ ಎಂದರೂ ಹೇಳುತ್ತಾಳೆ. ಅವಳು ಕೂತು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ಬಟಾಣಿ ಸೂಪಿನ ಬಟ್ಟಲನ್ನು ಕೈಯಲ್ಲಿ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಾಳೆ. ಚರ್ಚಿನಲ್ಲಿ ಪ್ರಾರ್ಥನೆ ನಡೆಯುವಾಗ ಅವಳ ಕಾಲು ಬೆಂಚಿನ ಕೆಳಗೆ ತಾಳ ಹಾಕುತ್ತಿರುತ್ತದೆ. ಪಾದ್ರಿಗಳೇ ಒಮ್ಮೆ ಉಪದೇಶ ನಿಲ್ಲಿಸಿ ಆ ಕಡೆ ನೋಡಿದ್ದುಂಟು. ಅಂಡು ಸುಟ್ಟ ಬೆಕ್ಕು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಮುಖದ ಮೇಲೂ ಆಡಿದ್ದೇವೆ, ಅವಳಿಗೆ ಕೇಳಿಸಿಕೊಳ್ಳುವಷ್ಟು ಪುರಸೊತ್ತು ಇರಲಿಲ್ಲ.

ಅವಳ ಗಂಡ ರಿನ್ಸೆ ಹಡಗುಕಟ್ಟೆಯಲ್ಲಿ ಹಗ್ಗ ಹಿಡಿಯುವವರ ಮೇಲಾಳು. ದೊಡ್ಡ ಗಂಟಲು. ಮಂಜಿನಲ್ಲಿ ಹಡಗು ಕಾಣದಿದ್ದರೂ ರಿನ್ಸೆಯ ಕೂಗು ಕೇಳಿದರೆ ಕಟ್ಟೆ ಬಂತು ಎಂದು ಹಡಗಿನವರಿಗೆ ತಿಳಿಯುತ್ತಿತ್ತು. ವೀತ್ಸ್ಕೆ ಹುಡುಗಿಯಾಗಿದ್ದಾಗ ಲಾಂಡ್ರಿಯ ಬುಟ್ಟಿಗಾಡಿ ತಳ್ಳಿಕೊಂಡು ಕಟ್ಟೆಗೆ ಬರುತ್ತಿದ್ದಳು. ದಾರಿಯಲ್ಲಿ ನಿಂತವರನ್ನೆಲ್ಲ ಅವನು "ಪಕ್ಕಕ್ಕೆ!" ಎಂದು ಗದರಿ ಓಡಿಸುತ್ತಿದ್ದ. ಅವಳನ್ನು ಗದರಲು ಮಾತ್ರ ಆಗಲಿಲ್ಲ, ಅವನು ಬಾಯಿ ತೆರೆಯುವ ಮೊದಲೇ ಸರಿದು ನಿಂತಿರುತ್ತಿದ್ದಳು. "ಈ ಹುಡುಗಿಗೆ ನನ್ನ ಮಾತು ನನಗಿಂತ ಮುಂಚೆ ಗೊತ್ತು, ಬೇರೆ ಯಾರನ್ನ ಮದ್ವೆ ಆಗ್ಲಿ?" ಎಂದು ಅವನು ಮದುವೆಯ ಊಟದಲ್ಲಿ ಎದ್ದು ನಿಂತು ಹೇಳಿದ. ಆ ದಿನ ನಗದವರು ಯಾರೂ ಇರಲಿಲ್ಲ.

ನಮ್ಮ ತಂಡ ಕಟ್ಟಿದ್ದೂ ರಿನ್ಸೆಯೇ. ಅವನು, ವೀತ್ಸ್ಕೆ, ಚೇರ್ಡ್ ಮತ್ತು ನಾನು. ಎರಡು ದಾರದ ಪಟ ಮಕ್ಕಳಾಟವಲ್ಲ. ಎರಡು ಕೈಗೂ ಒಂದೊಂದು ದಾರ, ಬಲಗೈ ಎಳೆದರೆ ಬಲಕ್ಕೆ, ಎಡಗೈ ಎಳೆದರೆ ಎಡಕ್ಕೆ. ಒಬ್ಬರೇ ಹಾರಿಸಿದರೆ ಅದು ನಿಮಗೂ ಪಟಕ್ಕೂ ಬಿಟ್ಟ ಸಂಸಾರ. ನಾಲ್ವರು ಸಾಲಾಗಿ ನಿಂತು ಒಂದೇ ಆಕಾಶದಲ್ಲಿ ಹಾರಿಸುವಾಗ ಹಾಗಲ್ಲ. ದಾರಕ್ಕೆ ದಾರ ತಾಗಿಕೊಂಡೇ ಇರುತ್ತದೆ, ಒಬ್ಬರ ಆತುರ ಇನ್ನೊಬ್ಬರ ಪಟವನ್ನು ಮರಳಿಗೆ ಕೆಡವುತ್ತದೆ. ಅದಕ್ಕೇ ಕರೆಯುವವರು ಒಬ್ಬರು ಬೇಕು. ಅವರು "ಸಿದ್ಧ" ಎಂದಾಗ ಸಿದ್ಧ, "ಈಗ" ಎಂದಾಗ ತಿರುಗು. ಕರೆ ಬರದೆ ತಿರುಗಕೂಡದು. ಕರೆ ತಪ್ಪು ಎಂದು ಗೊತ್ತಿದ್ದರೂ ತಿರುಗದೆ ಉಳಿಯಕೂಡದು.

"ತಪ್ಪಿದ್ರೆ ಎಲ್ರೂ ಒಟ್ಟಿಗೆ ತಪ್ಪಬೇಕು. ಒಬ್ಬೊಬ್ಬರೇ ಸರಿ ಇರೋರು ಮನೇಲಿ ಕೂತ್ಕೊಂಡು ಹೊಲಿಗೆ ಹಾಕ್ಲಿ" ಎಂದು ರಿನ್ಸೆ ಹೇಳುತ್ತಿದ್ದ.

ಅವನ ಕರೆಗೆ ಒಂದು ಗುಣವಿತ್ತು. ಅರ್ಧ ಉಸಿರು ಮುಂಚೆ ಬರುತ್ತಿತ್ತು. ಹಗ್ಗ ಎಸೆಯಲು ಹೇಳುವವನು ಹಡಗು ಕಟ್ಟೆಗೆ ತಾಗಿದ ಮೇಲೆ ಹೇಳಿದರೆ ಆಯಿತೇ? ಆ ರೂಢಿಯೇ ದಂಡೆಗೂ ಬಂದಿತ್ತು. ನಾವೆಲ್ಲ ಆ ಅರ್ಧ ಉಸಿರಿಗೆ ಒಗ್ಗಿಕೊಂಡಿದ್ದೆವು, ಅದು ಇದೆ ಎಂಬುದೂ ನಮಗೆ ಮರೆತುಹೋಗಿತ್ತು.

ಆಮೇಲೆ ಅವನ ಗಂಟಲಲ್ಲಿ ಗಡ್ಡೆ ಎದ್ದಿತು. ಆಚೆ ದಡದ ಆಸ್ಪತ್ರೆಯಲ್ಲಿ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಟ್ಟೆಯ ಪಟ್ಟಿ. ನರ ಕಡಿದದ್ದರಿಂದ ಬಲಗೈ ಭುಜದಿಂದ ಮೇಲೆ ಏಳದು, ಪಟ ಹಿಡಿಯುವ ಮಾತೇ ಇಲ್ಲ. ತೂತಿಗೆ ಬೆರಳು ಒತ್ತಿ ಮಾತಾಡಲು ಕಲಿತ. ಒರಟು ಪಿಸುಮಾತು, ಅಡುಗೆಮನೆಯಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಕಾಫಿ ತಣ್ಣಗಾಯಿತು ಎಂದು ಬಯ್ಯಲು ಅಷ್ಟು ಸಾಕು.

ಆ ಚಳಿಗಾಲದಲ್ಲಿ ನಾವು ಚರ್ಚಿನ ಸಭಾಂಗಣದಲ್ಲಿ ಕಡ್ಡಿ ಹಿಡಿದು ನಡೆದೆವು. ಗಾಳಿ ಇಲ್ಲದ ಕಾಲದಲ್ಲಿ ತಂಡಗಳು ಹೀಗೇ ಅಭ್ಯಾಸ ಮಾಡುವುದು. ಉದ್ದ ಕಡ್ಡಿಯ ತುದಿಗೆ ಅಂಗೈಯಗಲದ ಕಾಗದದ ಪಟ ಅಂಟಿಸಿ, ಒಬ್ಬರ ಹಿಂದೆ ಒಬ್ಬರು, ಆಕಾಶದಲ್ಲಿ ಹಾರಬೇಕಾದ ಹಾದಿಯನ್ನು ನೆಲದ ಮೇಲೆ ಸುತ್ತುವುದು. ನೋಡಿದವರಿಗೆ ಹುಚ್ಚಾಸ್ಪತ್ರೆಯ ಮೆರವಣಿಗೆ. ರಿನ್ಸೆ ಕುರ್ಚಿಯಲ್ಲಿ ಕೂತು, ಬೆರಳು ಒತ್ತಿ ಕರೆಯುತ್ತಿದ್ದ. ಗೋಡೆಗಳ ನಡುವೆ ಅವನ ಪಿಸುಮಾತು ನಮ್ಮೆಲ್ಲರಿಗೂ ಮುಟ್ಟುತ್ತಿತ್ತು. ವೀತ್ಸ್ಕೆಯ ಮುಖದಲ್ಲಿ ಆ ದಿನಗಳಲ್ಲಿ ಇದ್ದ ಗೆಲುವನ್ನು ನಾನು ಮರೆಯಲಾರೆ. ನಮ್ಮ ಕರೆಯುವವನು ನಮಗೆ ವಾಪಸ್ ಸಿಕ್ಕ ಎಂದೇ ಎಲ್ಲರೂ ನಂಬಿದೆವು.

ವಸಂತದಲ್ಲಿ ದಂಡೆಗೆ ಇಳಿದ ಮೊದಲ ದಿನವೇ ಆ ನಂಬಿಕೆ ಹಾರಿಹೋಯಿತು. ವಾಯವ್ಯದ ಗಾಳಿ, ಪಟಕ್ಕೆ ಹೇಳಿ ಮಾಡಿಸಿದ್ದು. ರಿನ್ಸೆ ನಮ್ಮ ಹಿಂದೆ ನಿಂತು ಬೆರಳು ಒತ್ತಿದ, ಬಾಯಿ ಆಡಿಸಿದ. ಯಾರಿಗೂ ಏನೂ ಕೇಳಲಿಲ್ಲ. ಮತ್ತೆ ಒತ್ತಿದ, ಕತ್ತಿನ ನರ ಉಬ್ಬಿತು. ಗಾಳಿ ಎಲ್ಲವನ್ನೂ ತಿಂದುಹಾಕಿತು. ಗಾಳಿ ಇಲ್ಲದ ಕಡೆ ಅವನಿಗೆ ದನಿಯಿತ್ತು, ದನಿ ಬೇಕಾದ ಕಡೆ ಗಾಳಿಯಿತ್ತು. ಬೆರಳು ತೆಗೆದು ಮರಳದಿಬ್ಬದ ಕಡೆ ನಡೆದುಹೋದ. ವೀತ್ಸ್ಕೆ ಅವನ ಬೆನ್ನನ್ನೇ ನೋಡುತ್ತಾ ನಿಂತಳು. ಅವಳ ಪಟ ತಾನಾಗಿ ಮೂಗು ಕೆಳಗಾಗಿ ಮರಳಿಗೆ ಬಿತ್ತು.

ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸಿನ ಹಿಂದಿನ ಸೀಟಿನಲ್ಲಿ ಕಾಲು ಮೇಲಿಟ್ಟವರನ್ನು ಸ್ಟೇರಿಂಗ್ ಬಿಡದೆ ಕೆಳಗಿಳಿಸುವ ಗಂಟಲು ನನ್ನದು. ಸಾಲಿನ ಮೊದಲ ಜಾಗ ನನಗೆ, ಪಕ್ಕದಲ್ಲಿ ಎಂದಿನಂತೆ ವೀತ್ಸ್ಕೆ, ತುದಿಯಲ್ಲಿ ಚೇರ್ಡ್. ನಾನು ತಿರುಗುವ ಜಾಗ ಬಂದಾಗಲೇ "ಈಗ" ಎನ್ನುವವಳು, ನಿಲ್ದಾಣ ಬಂದಾಗ ಬ್ರೇಕ್ ಒತ್ತಿದ ಹಾಗೆ. ಚೇರ್ಡ್ ಎರಡು ವಾರದಲ್ಲಿ ನನಗೆ ಹೊಂದಿಕೊಂಡ. ವೀತ್ಸ್ಕೆ ಹೊಂದಲಿಲ್ಲ. ಪ್ರತಿ ಸಲ ಅರ್ಧ ಉಸಿರು ಮುಂಚೆ ತಿರುಗಿದಳು. ಅವಳ ದಾರ ಚೇರ್ಡ್‌ನ ದಾರವನ್ನು ಕೊಯ್ದುಕೊಂಡು ಹೋಗುತ್ತಿತ್ತು. ಜೂನಿನ ಒಂದು ಭಾನುವಾರ ಅವನ ಪಟ ನೆಲಕ್ಕೆ ಬಡಿದು ಚೌಕಟ್ಟಿನ ಕಾರ್ಬನ್ ಕಡ್ಡಿ ಲಟಕ್ಕೆಂದು ಮುರಿಯಿತು.

ಚೇರ್ಡ್ ಮುರಿದ ಕಡ್ಡಿ ಹಿಡಿದುಕೊಂಡು ಬಂದ. "ಏನಮ್ಮಾ ತಾಯಿ, ನಿಂಗೆ ರೈಲು ತಪ್ಪಿಹೋಗುತ್ತಾ? ಈ ದ್ವೀಪದಲ್ಲಿ ರೈಲೇ ಇಲ್ಲವಲ್ಲೇ!"

"ಅವಳು ತಡವಾಗಿ ಕರೀತಾಳೆ" ಎಂದಳು ವೀತ್ಸ್ಕೆ, ನನ್ನ ಕಡೆ ಗಲ್ಲ ತೋರಿಸಿ.

"ನಾನಾ ತಡ? ಜಾಗ ಬಂದಾಗ ಕರೀತೀನಿ. ನೀನು ಜಾಗ ಬರೋ ಮೊದ್ಲೇ ಹೊರಟಿರ್ತೀಯ" ಎಂದೆ. ಸಿಟ್ಟು ನೆತ್ತಿಗೇರಿತ್ತು.

"ಕೇಳು ಔಕ್ಯೆ" ಎಂದ ಚೇರ್ಡ್ ನನಗೆ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ. "ಸೆಪ್ಟೆಂಬರಿಗೆ ಆಚೆ ದಡದಲ್ಲಿ ಪಂದ್ಯ ಇದೆ. ಅಷ್ಟರೊಳಗೆ ಇವಳು ಕರೆಗೆ ಕಾಯೋದು ಕಲೀದಿದ್ರೆ ನಾವಿಬ್ರೇ ಜೋಡಿ ಹಾರಿಸೋಣ. ನನ್ನ ಹತ್ರ ಮುರಿಯೋಕೆ ಇನ್ನು ಕಡ್ಡಿ ಇಲ್ಲ."

ನಾನು ಆಗಲಿ ಎಂದೆ. ವೀತ್ಸ್ಕೆ ದಾರ ಸುತ್ತಲು ಶುರು ಮಾಡಿದಳು, ಸುತ್ತಿದ ದಾರವನ್ನು ಬಿಚ್ಚಿ ಮತ್ತೆ ಸುತ್ತಿದಳು. ತಂಡದಿಂದ ಹೊರಬಿದ್ದರೆ ಅವಳಿಗೆ ಉಳಿಯುವುದೇನು ಎಂಬುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆವು.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ದಂಡೆಗೆ ಹೋಗಲು ಹತ್ತಿದಳು. ಲಾಂಡ್ರಿಯ ಬಾಗಿಲು ತೆರೆಯುವ ಮೊದಲು, ಗಾಳಿ ಬಂದರೂ, ಬರದಿದ್ದರೂ. ಕೂದಲಲ್ಲಿ ಮರಳಿಟ್ಟುಕೊಂಡು ಕೆಲಸಕ್ಕೆ ಬರುತ್ತಾಳೆಂದು ಲಾಂಡ್ರಿಯವರು ಗೊಣಗಿದರು, ಒಗೆದ ಹಾಸಿನಲ್ಲಿ ಮರಳು ಸಿಕ್ಕರೆ ಹೋಟೆಲಿನವರು ಸುಮ್ಮನಿರುತ್ತಾರೆಯೇ? ಬುಧವಾರ ನಮ್ಮ ಜೊತೆ ನಿಂತಾಗ ಅವಳ ಕೈ ಮೊದಲಿಗಿಂತ ಚುರುಕಾಗಿತ್ತು, ದಾರ ಮಾತು ಕೇಳುತ್ತಿತ್ತು, ಆದರೆ ಆ ಅರ್ಧ ಉಸಿರು ಹಾಗೇ ಇತ್ತು. ಅಷ್ಟೇ ಅಲ್ಲ, ಇನ್ನೂ ಗಟ್ಟಿಯಾಗಿತ್ತು. ಅಭ್ಯಾಸ ಹೆಚ್ಚಿದಷ್ಟೂ ರೋಗ ಹೆಚ್ಚುವುದು ಎಲ್ಲಿಯಾದರೂ ಉಂಟೇ? ನನಗೆ ತಲೆ ಕೆಟ್ಟಿತು. ಬಸ್ ಓಡಿಸುವಾಗಲೂ ಅದೇ ಯೋಚನೆ, ಶಾಲೆಯ ಹತ್ತಿರ ನಿಲ್ಲಿಸುವುದನ್ನೇ ಒಮ್ಮೆ ಮರೆತೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಕಡಲಿನ ಇಳಿತ ಹೆಚ್ಚಾಗಿ ಹಡಗಿನ ಕಾಲುವೆಯಲ್ಲಿ ನೀರು ಸಾಲದೆ ಮೊದಲ ಹಡಗು ತಡವಾಯಿತು. ಹಡಗಿಲ್ಲದೆ ಬಸ್ಸಿಗೆ ಜನವಿಲ್ಲ. ನಾನು ಬಸ್ಸನ್ನು ಮರಳದಿಬ್ಬದ ದಾರಿಯ ಬಳಿ ನಿಲ್ಲಿಸಿ ಮೇಲೆ ಹತ್ತಿ ನೋಡಿದೆ.

ನೀರು ದೂರ ಸರಿದು ದಂಡೆ ಒದ್ದೆಯಾಗಿ ಹೊಳೆಯುತ್ತಿತ್ತು. ವೀತ್ಸ್ಕೆ ಪಟ ಹಾರಿಸುತ್ತಿದ್ದಳು. ಅವಳ ಹಿಂದೆ ರಿನ್ಸೆ ನಿಂತಿದ್ದ, ಕುತ್ತಿಗೆಗೆ ಎರಡು ಸುತ್ತು ಶಾಲು, ಎಡಗೈ ಅವಳ ಬೆನ್ನ ಮೇಲೆ. ಪಟ ಸಾಗುತ್ತಿತ್ತು, ಅವನ ಅಂಗೈ ಒಮ್ಮೆ ಮೆಲ್ಲನೆ ಒತ್ತುತ್ತಿತ್ತು, ಆಮೇಲೆ ಬೆರಳುಗಳು ತಟ್ಟುತ್ತಿದ್ದವು. ಸಿದ್ಧ, ಈಗ. ಪಟ ತಿರುಗುತ್ತಿತ್ತು. ಅರ್ಧ ಉಸಿರು ಮುಂಚೆ.

ದಿನಾ ಬೆಳಿಗ್ಗೆ ಅವಳು ಅಭ್ಯಾಸ ಮಾಡುತ್ತಿದ್ದದ್ದು ನನ್ನ ಕರೆಯನ್ನಲ್ಲ, ಅವನ ಕರೆಯನ್ನು. ನನಗೆ ಮೊದಲು ಬಂದದ್ದು ಸಿಟ್ಟು. ದಿಬ್ಬ ಇಳಿದು ಓಡಿದೆ, ಕೆಲಸದ ಬೂಟಿನ ತುಂಬ ಮರಳು.

"ಇದಾ ನಿನ್ನ ಪ್ರಾಕ್ಟೀಸು? ನಾವು ಅಲ್ಲಿ ಕಡ್ಡಿ ಮುರ್ಕೋತಾ ಇದ್ರೆ ನೀವು ಗಂಡ ಹೆಂಡ್ತಿ ಇಲ್ಲಿ ಬೆನ್ನು ನೀವ್ಕೋತಾ ಇದ್ದೀರಾ?"

ವೀತ್ಸ್ಕೆ ಪಟ ಇಳಿಸಲಿಲ್ಲ. ಕಣ್ಣು ಮೇಲಿಟ್ಟುಕೊಂಡೇ ಹೇಳಿದಳು. "ಕೂಗಾಡ್ಬೇಡ ಔಕ್ಯೆ. ಇವನು ಮನೇಲಿ ಗೋಡೆ ನೋಡ್ಕೊಂಡು ಕೂರ್ತಾನೆ. ಹಡಗುಕಟ್ಟೆ ಕಡೆ ಕಿಟಕಿ ತೆಗೆಯೋಕೂ ಬಿಡಲ್ಲ. ಬೆಳಿಗ್ಗೆ ಇದೊಂದು ಇದೆ ಅಂತ ಏಳ್ತಾನೆ, ಬೂಟು ಹಾಕ್ಕೋತಾನೆ. ಇದನ್ನೂ ನಿಲ್ಸು ಅಂತೀಯಾ?"

"ಪಂದ್ಯಕ್ಕೆ ಬರೋಲ್ಲ ಅಂತೀಯಾ ಹಾಗಾದ್ರೆ?"

"ಬರ್ತೀನಿ. ನಂಗೆ ಅದೂ ಬೇಕು."

"ಎರಡು ದೋಣಿ ಮೇಲೆ ಕಾಲಿಟ್ಟು ಎಷ್ಟು ದೂರ ಹೋಗ್ತೀಯೇ?"

ಅವಳು ಅವನ ಅಂಗೈಗೆ ಇನ್ನಷ್ಟು ಒರಗಿದಳು. ಅದನ್ನು ಕಂಡು ನನಗೆ ಇನ್ನಷ್ಟು ರೇಗಿತು, ಯಾರ ಮೇಲೆ ಎಂದು ಗೊತ್ತಾಗದ ರೇಗು. ರಿನ್ಸೆಯ ಕಡೆ ತಿರುಗಿದೆ. "ತಟ್ಟೋಕೆ ಅಷ್ಟು ಆಸೆ ಇದ್ರೆ ನನ್ನ ಬೆನ್ನು ತಟ್ಟು ಮಾರಾಯ! ಕೂಗೋಳು ನಾನು ತಾನೆ?"

ಚುಚ್ಚಲು ಆಡಿದ ಮಾತು ಅದು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಇದು ಹೋಗಲಿಲ್ಲ. ರಿನ್ಸೆ ನನ್ನನ್ನು ನೋಡಿದ. ವೀತ್ಸ್ಕೆಯ ಬೆನ್ನ ಮೇಲಿನ ಕೈ ತೆಗೆದ. ನಿಧಾನವಾಗಿ ನಡೆದು ಬಂದು ನನ್ನ ಹಿಂದೆ ನಿಂತು, ಕಿವಿಯ ಹತ್ತಿರ ಬಾಗಿ, ಬೆರಳು ಒತ್ತಿದ.

"ನೆಟ್ಟಗೆ ನಿಂತ್ಕೊ. ನೀನು ಗೂನು ಬೀಳ್ತೀಯ."

ಅಂಗೈ ಬೆನ್ನಿಗೆ ಬಂತು. ಅವನು ಒತ್ತಿದ, ನಾನು "ಸಿದ್ಧ" ಎಂದು ಕೂಗಿದೆ. ಅವನು ತಟ್ಟಿದ. ತಟ್ಟಿದ್ದು ನನ್ನ ಬೆನ್ನಿಗೆ ತಿಳಿದು, ಬೆನ್ನಿಂದ ತಲೆಗೆ ಹೋಗಿ, ತಲೆಯಿಂದ ಬಾಯಿಗೆ ಬರಲು ಹಿಡಿದದ್ದು ಸರಿಯಾಗಿ ಅರ್ಧ ಉಸಿರು. ನಾನು "ಈಗ" ಎಂದದ್ದು ಪಟ ತಿರುಗಬೇಕಾದ ಗಳಿಗೆಗೆ ಸರಿಯಾಗಿಯೇ. ಅವನ ಆತುರವೂ ನನ್ನ ನಿಧಾನವೂ ಸೇರಿದರೆ ಒಂದು ಸರಿಯಾದ ಕರೆ ಆಗುತ್ತಿತ್ತು.

ಆದರೆ ಪಟ ಅದಾಗಲೇ ತಿರುಗಿ ಹೋಗಿತ್ತು. ವೀತ್ಸ್ಕೆ ಓರೆಗಣ್ಣಿನಲ್ಲಿ ಅವನ ಕೈಯನ್ನೇ ನೋಡುತ್ತಿದ್ದಳು.

"ಕಣ್ಣು ಮುಂದೆ ಇಡೇ!" ಎಂದು ಕಿರುಚಿದೆ.

"ಇಟ್ಟಿದ್ದೀನಿ."

"ಇಟ್ಟಿಲ್ಲ! ಆ ಕೈ ಮೇಲೆ ಇದೆ ನಿನ್ನ ಕಣ್ಣು."

ಅಷ್ಟರಲ್ಲಿ ಹಡಗಿನ ಸಿಳ್ಳೆ ಕೇಳಿತು, ನಾನು ಬಸ್ಸಿಗೆ ಓಡಿದೆ.

ಮುಂದಿನ ವಾರಗಳು ನೆಮ್ಮದಿಯವಲ್ಲ. ರಿನ್ಸೆ ಈಗ ಬುಧವಾರ, ಭಾನುವಾರ ನಮ್ಮ ಜೊತೆ ಬಂದು ನನ್ನ ಹಿಂದೆ ನಿಲ್ಲತೊಡಗಿದ. ದಂಡೆಯ ಆ ತುದಿಯಿಂದ ಈ ತುದಿಯವರೆಗೆ ಮರಳು ತುಳಿಯುತ್ತ ಬರುವಾಗ ಅವನ ನಡಿಗೆಯಲ್ಲಿ ಹಡಗುಕಟ್ಟೆಯ ಗತ್ತು ಮರಳಿತ್ತು. ಚೇರ್ಡ್‌ಗೆ ಖುಷಿ. "ಔಕ್ಯೆ ಬಾಯಿ, ರಿನ್ಸೆ ಬುದ್ಧಿ. ಇಷ್ಟು ದಿನ ಬರೀ ಬಾಯಿ ಇತ್ತು" ಎಂದು ಹುರಿದ ಮೀನಿನ ಪೊಟ್ಟಣ ಬಿಚ್ಚಿ ನನ್ನ ಮುಂದಿಟ್ಟ. ವೀತ್ಸ್ಕೆ ತಿನ್ನಲಿಲ್ಲ. ಬೆಳಗಿನ ದಂಡೆಗೆ ಹೋಗುವುದನ್ನು ಅವಳು ಬಿಟ್ಟಿದ್ದಳು, ರಿನ್ಸೆಯೇ ಬೇಡ ಎಂದಿದ್ದ. ನನ್ನ ಕರೆಗೆ ಕಾಯುವುದು ಕಲಿಯಲಿ ಎಂದು. ಆ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಮನೆಯ ಮುಂದಿನ ಇಟ್ಟಿಗೆ ಹಾಸನ್ನು ದಿನಾ ತಿಕ್ಕಿ ತೊಳೆಯುತ್ತಿದ್ದಳು. ನನ್ನ ಬಸ್ ಹಾದುಹೋಗುವಾಗ ತಲೆ ಎತ್ತುತ್ತಿರಲಿಲ್ಲ. ನಾನು ಅವಳಿಂದ ಏನನ್ನು ಕಿತ್ತುಕೊಂಡೆ ಎಂಬುದು ಗೊತ್ತಿದ್ದೇ ನಾನು ಅಲ್ಲಿ ಬಸ್ಸಿನ ವೇಗ ಹೆಚ್ಚಿಸುತ್ತಿದ್ದೆ.

ಸಾಲಿನಲ್ಲಿ ಅವಳು ನನ್ನ ಪಕ್ಕದಲ್ಲೇ ನಿಲ್ಲುವವಳು. ಆ ಎರಡನೇ ಜಾಗ ತಂಡ ಕಟ್ಟಿದ ದಿನದಿಂದ ಅವಳದು, ಕರೆಯುವವನ ಮಗ್ಗುಲಿನ ಜಾಗ. ಅಲ್ಲಿಂದ ಕತ್ತು ತಿರುಗಿಸದೆಯೇ ನನ್ನ ಹಿಂದೆ ನಿಂತ ರಿನ್ಸೆಯ ಮೊಣಕೈ ಕಾಣುತ್ತಿತ್ತು. ಮೊಣಕೈ ಅಲುಗಿದರೆ ಅವಳ ಕೈ ಅಲುಗುತ್ತಿತ್ತು. ಬೈದೆವು, ಬೇಡಿಕೊಂಡೆವು. ಕುದುರೆಗೆ ಕಟ್ಟುವ ಹಾಗೆ ಕಣ್ಣಿಗೆ ಪಟ್ಟಿ ಕಟ್ಟೋಣ ಎಂದು ಚೇರ್ಡ್ ಹೇಳಿದ. ಅವಳು ತನ್ನ ಟೋಪಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಅದರ ಅಂಚಿನ ಕೆಳಗಿಂದಲೂ ನೋಡಿದಳು.

ಪಂದ್ಯದ ಹಿಂದಿನ ಕೊನೆಯ ಅಭ್ಯಾಸದಲ್ಲಿಯೂ ತಿರುಗಿದಳು, ಅರ್ಧ ಉಸಿರು ಮುಂಚೆ. ಚೇರ್ಡ್ ಪಟ ಬಿಚ್ಚಿ ಚೀಲಕ್ಕೆ ತುರುಕಿದ.

ಆಚೆ ದಡದ ಫ್ರೀಸ್‌ಲ್ಯಾಂಡಿನ ದಂಡೆಯಲ್ಲಿ ಪಂದ್ಯದ ದಿನ ಬೆಳಗಿನಿಂದ ಗಾಳಿ ಏರುವುದು, ಬೀಳುವುದು. ಒಂದು ತಂಡ ಹಗುರ ಪಟ ಕಟ್ಟಿಕೊಂಡು ಹೋದರೆ ಗಾಳಿ ಜೋರಾಗುತ್ತಿತ್ತು, ಜೋರು ಗಾಳಿಗೆಂದು ಮಾಡಿದ ಜಾಲರಿ ಪಟ ಕಟ್ಟಿಕೊಂಡು ಹೋದರೆ ಸತ್ತುಹೋಗುತ್ತಿತ್ತು. ಎಲ್ಲರೂ ಬಾವುಟ ನೋಡುತ್ತ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹೊರಳಿಸುತ್ತಿದ್ದರು. ನಾನೂ ಜ್ಯೇಷ್ಠಮಧುವಿನ ಕರಿ ಮಿಠಾಯಿ ಅಗಿದು ಅಗಿದು ದವಡೆ ನೋಯಿಸಿಕೊಂಡೆ. ಅಂದು ವೀತ್ಸ್ಕೆಯೊಬ್ಬಳೇ ಚಡಪಡಿಸುತ್ತಿದ್ದಳು ಎಂದರೆ ಸುಳ್ಳಾದೀತು.

ನಮ್ಮ ಸರದಿಗೆ ಮುಂಚೆ ಚೇರ್ಡ್ ನನ್ನ ಹತ್ತಿರ ಬಂದ. "ಹೇಳ್ತೀಯೋ, ನಾನೇ ಹೇಳ್ಲೋ? ಜೋಡಿ ಅಂತ ಬದಲಾಯಿಸೋಕೆ ಇನ್ನೂ ಹೊತ್ತಿದೆ."

ನಾನು ಬಾಯಿ ತೆರೆಯುವ ಮೊದಲೇ ವೀತ್ಸ್ಕೆ ಎದ್ದಳು. ಅವಳಿಗೆ ಕೇಳಿಸಿತ್ತು. ತನ್ನ ಪಟ, ತನ್ನ ದಾರ, ದಾರ ಸಿಕ್ಕಿಸುವ ಗೂಟ ಎಲ್ಲ ಎತ್ತಿಕೊಂಡಳು. ಹೊರಟೇ ಹೋಗುತ್ತಾಳೆ ಎಂದುಕೊಂಡೆ. ಅವಳು ಮೈದಾನದೊಳಗೆ ನಡೆದಳು. ರಿನ್ಸೆಯ ಮುಂದೆ ಹಾದು, ತನ್ನ ಎರಡನೇ ಜಾಗ ದಾಟಿ, ಚೇರ್ಡ್ ನಿಲ್ಲುವ ತುದಿಗೆ ಹೋಗಿ, ಮರಳಿಗೆ ಗೂಟ ಚುಚ್ಚಿ ಹಿಮ್ಮಡಿಯಿಂದ ತುಳಿದಳು.

"ಏಯ್, ಅದು ನನ್ನ ಜಾಗ!" ಎಂದ ಚೇರ್ಡ್.

"ನಿನ್ನ ದೇಹ ಮಧ್ಯೆ ಇದ್ರೆ ನಂಗೆ ಅವನು ಕಾಣಲ್ಲ" ಎಂದಳು. "ಹೋಗು, ಅಲ್ಲಿ ನಿಲ್ಲು. ಹೊಟ್ಟೆ ಒಳಗೆ ಎಳ್ಕೋಬೇಡ ಮತ್ತೆ."

ಚೇರ್ಡ್ ಹೋಗಿ ನಿಂತ. ರಿನ್ಸೆ ನನ್ನ ಹಿಂದೆ ನಿಂತು ಅಂಗೈ ಇಟ್ಟ. ಆ ಕೈ ತುದಿಯ ಕಡೆಗೆ ವಾಲಿತ್ತು, ಅವನೂ ಅವಳ ಕಡೆಗೇ ನೋಡುತ್ತಿದ್ದನೆಂದು ಬೆನ್ನಿಗೇ ತಿಳಿಯಿತು.

ಏರಿದೆವು. ಒತ್ತಿದ, ಕೂಗಿದೆ, ತಟ್ಟಿದ, ಕೂಗಿದೆ. ಮೂರು ಪಟ ಒಂದೇ ಮೈಯಾಗಿ ತಿರುಗಿದವು. ಇನ್ನೊಮ್ಮೆ. ಮತ್ತೊಮ್ಮೆ. ತುದಿಯಲ್ಲಿ ನಿಂತ ಅವಳ ಪಟ ಕಾಯುತ್ತಿತ್ತು! ನಗು ಬಂತು ನನಗೆ, ಅಳುವೂ ಬಂತು, ಎರಡಕ್ಕೂ ಬಿಡುವಿರಲಿಲ್ಲ. ಕೊನೆಯ ಆಕೃತಿಗೆ ಮೂರೂ ಪಟ ಮರಳಿಗೆ ಸಮನಾಗಿ, ಆಳೆತ್ತರದಲ್ಲಿ ಎಡಕ್ಕೆ ಓಡಿದವು. ಗೊತ್ತಾದ ಜಾಗದಲ್ಲಿ ಒಟ್ಟಿಗೆ ನೆಟ್ಟಗೆ ಮೇಲೇಳಬೇಕು. ರಿನ್ಸೆಯ ಅಂಗೈ ಒತ್ತಿತು.

"ಸಿದ್ಧ!"

ಬೆರಳು ತಟ್ಟಲಿಲ್ಲ. ಹಿಂದಿನಿಂದ ಕೆಮ್ಮು ಕೇಳಿತು. ಮರಳು ಹೊತ್ತ ಗಾಳಿ ಶಾಲಿನ ಸಂದಿಯಿಂದ ಅವನ ಕುತ್ತಿಗೆಗೆ ನುಗ್ಗಿತ್ತು. ಉಸಿರು ಕಟ್ಟಿ ಒದ್ದಾಡುವ ಕೆಮ್ಮು, ಕೈ ಬೆನ್ನ ಮೇಲೆ ಹೊರಳಾಡುತ್ತಿತ್ತು. ತಿರುಗುವ ಜಾಗ ಬಂತು. ದಾಟಿಹೋಯಿತು. ಪಟಗಳು ಗಾಳಿಯ ಹಿಡಿತ ಮುಗಿಯುವ ಅಂಚಿನ ಕಡೆಗೆ ಓಡುತ್ತಿದ್ದವು, ದಾರ ಸಡಿಲವಾಗತೊಡಗಿತು. ಅಂಚು ದಾಟಿದರೆ ಮೂರೂ ಪಟ ಒದ್ದೆ ಬಟ್ಟೆಯ ಹಾಗೆ ಬೀಳುವುದು ಖಂಡಿತ. ನಾನೇ ಕರೆಯಬಹುದಿತ್ತು, ಬಾಯಿ ತೆರೆದಿತ್ತು. ಆಗ ಚೇರ್ಡ್‌ನ ಆಚೆ ಅವಳ ಕೈಗಳು ಕಂಡವು.

ಅಲ್ಲಾಡುತ್ತಿರಲಿಲ್ಲ. ಅವಳಿಗೆ ಕೆಮ್ಮು ಕೇಳಿತ್ತು, ಆ ಕೆಮ್ಮು ಅವಳಿಗೆ ಕೇಳದೆ ಇನ್ನಾರಿಗೆ ಕೇಳೀತು? ಹಿಮ್ಮಡಿ ಮರಳಲ್ಲಿ ಗುಳಿ ತೋಡುತ್ತಿತ್ತು, ಕೆನ್ನೆಯ ಮೇಲೆ ನೀರು. ಕೈಗಳು ಮಾತ್ರ ಎದೆಯ ಮುಂದೆ ಕಲ್ಲಾಗಿ ನಿಂತಿದ್ದವು. ಹುಟ್ಟಿದಂದಿನಿಂದ ಯಾವುದಕ್ಕೂ ಕಾಯದ ಹೆಂಗಸು ಕಾಯುತ್ತಿದ್ದಳು. ಇವಳು ಕಾಯಬಹುದಾದರೆ ನನಗೇನು ರೋಗ ಎಂದು ನಾನೂ ಬಾಯಿ ಮುಚ್ಚಿದೆ.

ತಟ್ಟಿದ.

"ಈಗ!"

ಮೂರು ಪಟಗಳೂ ಎದ್ದವು. ಗಾಳಿಯ ಕಟ್ಟಕಡೆಯ ಅಂಚಿನಲ್ಲಿ, ಏಳಲೋ ಬೇಡವೋ ಎಂದು ಏಳುತ್ತ, ಒಂದರ ಮಗ್ಗುಲಲ್ಲಿ ಒಂದು. ಎಲ್ಲಿ ಏಳಬೇಕಿತ್ತೋ ಅಲ್ಲಿಂದ ಬಹಳ ದೂರದಲ್ಲಿ, ಆದರೆ ಒಟ್ಟಿಗೆ. ನೋಡುತ್ತಿದ್ದವರು ಅದೇ ನಮ್ಮ ಉದ್ದೇಶವೆಂದುಕೊಂಡು ಚಪ್ಪಾಳೆ ತಟ್ಟಿದರು.

ತೀರ್ಪುಗಾರರಿಗೆ ಗೊತ್ತಿತ್ತು. ಅಂಕ ಕತ್ತರಿಸಿದರು, ನಾವು ಕೊನೆಯವರಿಗಿಂತ ಒಂದು ಮೆಟ್ಟಿಲು ಮೇಲೆ ನಿಂತೆವು. ವೀತ್ಸ್ಕೆ ಆ ಮಾತು ಕೇಳಲೂ ನಿಲ್ಲಲಿಲ್ಲ. ದಾರ ಬಿಸಾಕಿ ಓಡಿ ಬಂದು ರಿನ್ಸೆಯ ಶಾಲು ಬಿಚ್ಚಿ, ಕುತ್ತಿಗೆಯ ಪಟ್ಟಿ ಒರೆಸಿ, ಮತ್ತೆ ಸುತ್ತಿದಳು. "ಸಾಯಿಸ್ತೀಯೇನೋ ನನ್ನ! ಎಷ್ಟು ಹೊತ್ತೋ ತಟ್ಟೋಕೆ!" ಎಂದು ಅವನ ಎದೆಗೆ ಗುದ್ದಿದಳು. ಅವನು ಬೆರಳು ಒತ್ತಿ ಏನೋ ಹೇಳಿದ. ನನಗೆ ಕೇಳಲಿಲ್ಲ, ಅವಳಿಗೆ ಕೇಳಿತು.

ಐಸ್‌ಕ್ರೀಮ್ ಹಿಡಿದ ಹೆಂಗಸೊಬ್ಬಳು ಬಂದಳು. "ಎಷ್ಟು ಚೆನ್ನಾಗಿತ್ತು! ವಾರಕ್ಕೆ ಎಷ್ಟು ಸಲ ಪ್ರಾಕ್ಟೀಸ್ ಮಾಡ್ತೀರಿ?"

ನಾನು ಬುಧವಾರ ಎಂದು ಶುರು ಮಾಡಿದ್ದೆ. ವೀತ್ಸ್ಕೆ ನಡುವೆ ಬಾಯಿ ಹಾಕಿದಳು. "ಸಾಲ್ದು" ಎಂದಳು. ಆ ಪ್ರಶ್ನೆಗೆ ಅವಳು ಉತ್ತರ ಕೊಟ್ಟದ್ದು ಅದೇ ಮೊದಲು.

ವಾಪಸು ಹಡಗಿನಲ್ಲಿ ಅವಳು ಕೂತಳು. ಬೆಂಚಿನ ಮೇಲೆ, ರಿನ್ಸೆಯ ಮಗ್ಗುಲಲ್ಲಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು. ಚೇರ್ಡ್ ನನ್ನನ್ನು ತಿವಿದು ತೋರಿಸಿದ. ಮಾತಾಡಿದರೆ ಎದ್ದುಬಿಟ್ಟಾಳು ಎಂಬ ಹೆದರಿಕೆ ಇಬ್ಬರಿಗೂ. ದ್ವೀಪದ ಬಂದರು ಕಂಡಾಗ ಬಾವುಟ ಇನ್ನೊಂದು ಕಡೆಗೆ ಹೊರಳಿತ್ತು. ಅವಳ ಕಾಲು ಬೆಂಚಿನ ಕೆಳಗೆ ತಾಳ ಹಾಕತೊಡಗಿತು. ಎದ್ದು ನನ್ನ ಹತ್ತಿರ ಬಂದಳು.

"ಬೆಳಿಗ್ಗೆ ಗಾಳಿ ಇರುತ್ತೆ. ಮೊದಲ ಬಸ್ಸಿಗೆ ಮುಂಚೆ ದಂಡೆಗೆ ಬರ್ತೀಯಾ?"

"ನಾನ್ಯಾಕೆ? ಅದು ನಿಮ್ಮಿಬ್ರ ಹೊತ್ತು" ಎಂದೆ.

ಅವಳು ಬಾವುಟ ನೋಡುತ್ತಲೇ ಹೇಳಿದಳು. "ಇವನಿಗೆ ನಿನ್ನ ಬೆನ್ನು ಬೇಕಂತೆ. ನನ್ನ ಬೆನ್ನಿಗೆ ಕೂಗೋಕೆ ಬರಲ್ಲ ಅಂತಾನೆ."

ಬರುತ್ತೇನೆ ಎಂದೆ. ಆಗಲೇ ಅವಳು ಹಡಗಿನ ಬಾಗಿಲ ಕಡೆ ಹೊರಟಿದ್ದಳು, ಕಟ್ಟೆ ಇನ್ನೂ ದೂರವಿತ್ತು.